ಮರಳಲ್ಲಿ ಹೂತ ಕಾರು

ಮನುಷ್ಯರನ್ನು ಹೂಳುತ್ತಾರೆ, ನಿಧಿ ಹೂಳುತ್ತಾರೆ. ಕಾರನ್ನು ಹೂತಿದ್ದು ಕೇಳಿದ್ದೀರಾ? 1927ರ ಮಾರ್ಚ್‌ನಲ್ಲಿ ವೇಲ್ಸ್‌ನ ಪೆಂಡೈನ್ ಅನ್ನೋ ಕಡಲತೀರದಲ್ಲಿ ಹಾಗೆ ಮಾಡಿದರು. ಆ ಕಾರು ಅದಕ್ಕೆ ಹಿಂದಿನ ವರ್ಷವಷ್ಟೇ ಜಗತ್ತಿನ ಅತಿ ವೇಗದ ಕಾರು ಅನ್ನಿಸಿಕೊಂಡಿತ್ತು. ಹೂತ 42 ವರ್ಷಕ್ಕೆ ಇಂಜಿನಿಯರಿಂಗ್ ಪಾಠ ಹೇಳುತ್ತಿದ್ದ ಒಬ್ಬ ಮೇಷ್ಟ್ರು ಅದನ್ನು ಅಗೆದು ತೆಗೆದರು, ಮತ್ತೆ ಓಡುವ ಹಾಗೆ ಮಾಡಿದರು. ಹಳೇ ಕಾರುಗಳನ್ನು ರಿಪೇರಿ ಮಾಡುವವರ ಕಥೆ ಎಲ್ಲಿ ಸಿಕ್ಕಿದರೂ ಓದುವ ಚಟ ನನಗೆ. ಅವುಗಳಲ್ಲಿ ಇದರಷ್ಟು ಕಾಡಿದ್ದು ಇನ್ನೊಂದಿಲ್ಲ.

ಕಾರಿನ ಹೆಸರು ಬಾಬ್ಸ್. ಆದರೆ ಹುಟ್ಟಿದಾಗ ಅದಕ್ಕಿದ್ದ ಹೆಸರು ಹೈಯಂ ಸ್ಪೆಷಲ್. ಕಟ್ಟಿಸಿದವನು ಕೌಂಟ್ ಲೂಯಿ ಝ್ಬರೋವ್‌ಸ್ಕಿ ಎಂಬ ಶ್ರೀಮಂತ. ಇಂಗ್ಲೆಂಡಿನ ಕ್ಯಾಂಟರ್ಬರಿ ಹತ್ತಿರ ಅವನದೊಂದು ದೊಡ್ಡ ಬಂಗಲೆ. ವಿಮಾನದ ಇಂಜಿನ್ ತಂದು ಕಾರಿಗೆ ಕೂರಿಸುವುದು ಅವನ ಹುಚ್ಚು. ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್ ಅನ್ನೋ ಮಕ್ಕಳ ಪುಸ್ತಕ ನೆನಪಿದೆಯಾ? ಜೇಮ್ಸ್ ಬಾಂಡ್‌ನ ಇಯಾನ್ ಫ್ಲೆಮಿಂಗ್ ಬರೆದದ್ದು. ಅದಕ್ಕೆ ಸ್ಫೂರ್ತಿ ಇದೇ ಝ್ಬರೋವ್‌ಸ್ಕಿಯ ಕಾರುಗಳು.

ಹೈಯಂ ಸ್ಪೆಷಲ್‌ಗೆ ಹಾಕಿದ್ದು ಅಮೆರಿಕದ ಲಿಬರ್ಟಿ ವಿಮಾನ ಇಂಜಿನ್. 12 ಸಿಲಿಂಡರ್, 27 ಲೀಟರ್, ಸುಮಾರು 450 ಹಾರ್ಸ್‌ಪವರ್. ನಮ್ಮ ಮಾರುತಿ 800ರ ಇಂಜಿನ್ ಒಂದು ಲೀಟರ್ ಕೂಡ ಇರಲಿಲ್ಲ ಅನ್ನೋದನ್ನು ನೆನೆಸಿಕೊಳ್ಳಿ :-) ಗೇರ್‌ಬಾಕ್ಸ್ ಮೊದಲ ಮಹಾಯುದ್ಧಕ್ಕೂ ಮುಂಚಿನ ಒಂದು ಬೆಂಜ್ ಕಾರಿನದು. ಅಲ್ಲಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುತ್ತಿದ್ದದ್ದು ನಮ್ಮ ಸೈಕಲ್‌ನ ಹಾಗೆ ಚೈನಿನ ಮೂಲಕ, ಆ ಕಡೆಗೊಂದು ಈ ಕಡೆಗೊಂದು. ಈ ಚೈನನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಕಥೆಯೆಲ್ಲಾ ಇರೋದು ಇದರಲ್ಲೇ.

1924ರಲ್ಲಿ ಇಟಲಿಯ ಮೊಂಝಾ ರೇಸಿನಲ್ಲಿ ಬೇರೆ ಕಾರು ಓಡಿಸುತ್ತಾ ಝ್ಬರೋವ್‌ಸ್ಕಿ ಸತ್ತ. ಅರೆಬರೆಯಾಗಿದ್ದ ಈ ದೈತ್ಯ ಕಾರನ್ನು 125 ಪೌಂಡ್ ಕೊಟ್ಟು ಕೊಂಡವರು ಜೆ. ಜಿ. ಪ್ಯಾರಿ-ಥಾಮಸ್. ಇವರು ಶೋಕಿಗೆ ರೇಸ್ ಮಾಡುವ ಶ್ರೀಮಂತರಲ್ಲ, ವೇಲ್ಸ್‌ನಲ್ಲಿ ಹುಟ್ಟಿದ ಇಂಜಿನಿಯರ್. ಲೇಲ್ಯಾಂಡ್ ಕಂಪನಿಯ ಮುಖ್ಯ ಇಂಜಿನಿಯರ್ ಆಗಿದ್ದವರು. ನಮ್ಮ ಅಶೋಕ್ ಲೇಲ್ಯಾಂಡ್ ಲಾರಿಗಳ ಮೇಲಿರುವ ಹೆಸರು ಅದೇ ಕಂಪನಿಯದು. ಪ್ಯಾರಿ-ಥಾಮಸ್ ಕಾರ್ಬ್ಯುರೇಟರ್ ಬದಲಾಯಿಸಿದರು, ಪಿಸ್ಟನ್ ತಾವೇ ವಿನ್ಯಾಸ ಮಾಡಿದರು, ಹೊರಮೈಗೆ ಹೊಸ ಆಕಾರ ಕೊಟ್ಟರು, ಬಾಬ್ಸ್ ಅಂತ ಹೆಸರಿಟ್ಟರು. 1926ರ ಏಪ್ರಿಲ್ 28ರಂದು ಪೆಂಡೈನ್‌ನ ಮರಳಿನ ಮೇಲೆ ಗಂಟೆಗೆ 171.02 ಮೈಲಿ, ಅಂದರೆ 275 ಕಿ.ಮೀ. ವೇಗದಲ್ಲಿ ಓಡಿಸಿ ವಿಶ್ವದಾಖಲೆ ಮಾಡಿದರು.

ಸಮುದ್ರತೀರವೇ ಯಾಕೆ ಅಂತೀರಾ? ಅಷ್ಟು ಉದ್ದದ ನೇರ ರಸ್ತೆ ಬ್ರಿಟನ್ನಿನಲ್ಲಿ ಇರಲಿಲ್ಲ. ಪೆಂಡೈನ್‌ನಲ್ಲಿ ಏಳು ಮೈಲಿ ಮರಳು. ಅಲೆ ಹಿಂದೆ ಸರಿದ ಮೇಲೆ ಗಟ್ಟಿಯಾಗಿ ಚಪ್ಪಟೆಯಾಗಿ ಇರುತ್ತದೆ, ಮುಂದಿನ ಅಲೆ ಬರುವುದರೊಳಗೆ ಕೆಲಸ ಮುಗಿಸಬೇಕು.

ದಾಖಲೆ ಒಂದು ವರ್ಷವೂ ಉಳಿಯಲಿಲ್ಲ. 1927ರ ಫೆಬ್ರವರಿ 4ರಂದು ಅದೇ ತೀರದಲ್ಲಿ ಮಾಲ್ಕಂ ಕ್ಯಾಂಬೆಲ್ ತನ್ನ ಬ್ಲೂ ಬರ್ಡ್ ಕಾರಿನಲ್ಲಿ 174.88 ಮೈಲಿ ಮುಟ್ಟಿದ. ತಿಂಗಳೊಳಗೆ ಪ್ಯಾರಿ-ಥಾಮಸ್ ಬಾಬ್ಸ್ ಜೊತೆ ಮತ್ತೆ ಪೆಂಡೈನ್‌ಗೆ ಬಂದರು. ಮಾರ್ಚ್ 3ರಂದು ಓಡಿಸುವಾಗ ಕಾರು ಮಗುಚಿತು. ತಲೆಗೆ ಭೀಕರ ಪೆಟ್ಟು, ಅಲ್ಲೇ ಸಾವು. ಆಗ ಅವರಿಗೆ 41 ವರ್ಷ. ನೆಲದ ಮೇಲಿನ ವೇಗದ ದಾಖಲೆಗಾಗಿ ಕಾರು ಓಡಿಸುತ್ತಾ ಸತ್ತ ಮೊದಲನೆಯವರು ಅವರು. ಅವರ ದೇಹವನ್ನು ಇಂಗ್ಲೆಂಡಿಗೆ ಒಯ್ದು ಬೈಫ್ಲೀಟ್ ಚರ್ಚಿನಲ್ಲಿ ಮಣ್ಣು ಮಾಡಿದರು. ಕಾರನ್ನು ಅಲ್ಲೇ ಮರಳ ದಿಬ್ಬದಲ್ಲಿ ಹೂತರು.

ಹೇಗಾಯಿತು ಅನ್ನೋದಕ್ಕೆ ಎಲ್ಲರೂ ಕೊಟ್ಟ ಉತ್ತರ ಒಂದೇ: ಚೈನ್ ಕಡಿದು ಚಾವಟಿಯ ಹಾಗೆ ಬಂದು ತಲೆಗೆ ಹೊಡೆಯಿತು. ನಂಬುವಂಥದ್ದೇ. ಡ್ರೈವರ್ ಕೂರುವ ಜಾಗದ ಪಕ್ಕದಲ್ಲೇ ಆ ಚೈನ್ ಸುತ್ತುತ್ತಿತ್ತು. ಪುಸ್ತಕಗಳೂ ಅದನ್ನೇ ಬರೆದವು, ದಶಕಗಟ್ಟಲೆ. ಪರೀಕ್ಷೆ ಮಾಡೋಣ ಅಂದರೆ ಕಾರೇ ಮರಳಿನಡಿ!

ಇನ್ನೊಂದು ವಿಚಿತ್ರ ನೋಡಿ. ಈ ಸಾವಿನ 26 ದಿನದ ಮೇಲೆ, ಮಾರ್ಚ್ 29ರಂದು, ಹೆನ್ರಿ ಸೀಗ್ರೇವ್ ಅಮೆರಿಕದ ಡೇಟೋನಾ ತೀರದಲ್ಲಿ 203.79 ಮೈಲಿ ವೇಗ ಮುಟ್ಟಿದ. ಅವನ ಸನ್‌ಬೀಮ್ ಕಾರಿಗೂ ಚೈನೇ. ಅಂದರೆ ಚೈನ್ ಅನ್ನೋದು ಆಗಿನ ಮಟ್ಟಿಗೆ ಹುಚ್ಚು ಸಾಹಸವೇನಲ್ಲ. (ಆ ಸನ್‌ಬೀಮ್ ಈಗ ಬ್ಯೂಲಿ ಎಂಬಲ್ಲಿನ ಮ್ಯೂಸಿಯಂನಲ್ಲಿದೆ. ಅದನ್ನು ರಿಪೇರಿ ಮಾಡಿ ನೂರು ವರ್ಷ ತುಂಬುವ 2027ಕ್ಕೆ ಡೇಟೋನಾಕ್ಕೆ ಒಯ್ಯಬೇಕು ಅಂತ ಹೊರಟಿದ್ದಾರೆ.)

ಈಗ ನಮ್ಮ ಮೇಷ್ಟ್ರು. ಓವೆನ್ ವಿನ್ ಓವೆನ್, ವೇಲ್ಸ್‌ನವರೇ, ಬ್ಯಾಂಗರ್ ಟೆಕ್ನಿಕಲ್ ಕಾಲೇಜಿನಲ್ಲಿ ಇಂಜಿನಿಯರಿಂಗ್ ಲೆಕ್ಚರರ್. ಕಾರು ಹೂತಿದ್ದ ಜಾಗ ಆ ಹೊತ್ತಿಗೆ ಮಿಲಿಟರಿಯವರ ಕೈಯಲ್ಲಿತ್ತು. ಅನುಮತಿ ಗಿಟ್ಟಿಸಿ 1969ರಲ್ಲಿ ಅಗೆದೇ ತೆಗೆದರು.

ಏನು ಸಿಕ್ಕಿರಬಹುದು ಅಂತ ಊಹಿಸಿ. ಕಾಲೇಜಿನ ಕೆಮಿಸ್ಟ್ರಿ ಮರೆತಿಲ್ಲದವರಿಗೆ ಇದು ಸುಲಭ. ಎರಡು ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಿಕೊಂಡಿದ್ದು, ಸುತ್ತ ಉಪ್ಪುನೀರು ಇದ್ದರೆ ಬ್ಯಾಟರಿ ಸಿದ್ಧವಾದ ಹಾಗೆ. ಉಕ್ಕಿನ ಜೊತೆ ಅಲ್ಯೂಮಿನಿಯಂ ಇದ್ದರೆ ಮೊದಲು ಕರಗಿ ಹೋಗೋದು ಅಲ್ಯೂಮಿನಿಯಂ. ಒದ್ದೆ ಮರಳಿನಲ್ಲಿ 42 ವರ್ಷ ಈ ಬ್ಯಾಟರಿ ಕೆಲಸ ಮಾಡಿದೆ. ಹೊರಮೈಯ ತಗಡೆಲ್ಲಾ ಬಹುಪಾಲು ಹೋಗಿತ್ತು. ದಪ್ಪ ಉಕ್ಕಿನ ಭಾಗಗಳು ತುಕ್ಕು ಹೊದ್ದುಕೊಂಡು ಉಳಿದಿದ್ದವು.

ಓವೆನ್ ಅದರ ಮೇಲೆ ಸುಮಾರು ಹದಿನೈದು ವರ್ಷ ಕೂತರು. ಒಂದು ಅನುಕೂಲವೆಂದರೆ ಲಿಬರ್ಟಿ ಇಂಜಿನ್ ಅಪರೂಪದ್ದಲ್ಲ. 1917ರಲ್ಲಿ ವಾಷಿಂಗ್ಟನ್ನಿನ ಒಂದು ಹೋಟೆಲಿನಲ್ಲಿ ಇಬ್ಬರು ಇಂಜಿನಿಯರುಗಳು ಕೆಲವೇ ದಿನಗಳಲ್ಲಿ ಅದರ ನಕ್ಷೆ ಬರೆದು ಮುಗಿಸಿದ್ದರು (ನಮ್ಮ ಆಫೀಸಿನಲ್ಲಿ ಅಷ್ಟು ದಿನ ಮೀಟಿಂಗಿಗೇ ಬೇಕು), ಆಮೇಲೆ 20 ಸಾವಿರಕ್ಕೂ ಹೆಚ್ಚು ತಯಾರಾದವು. ಒಂದೊಂದು ಸಿಲಿಂಡರ್ ಬೇರೆ ಬೇರೆ ಇರುವ ಇಂಜಿನ್ ಅದು, ಕೆಟ್ಟದ್ದನ್ನು ಬಿಚ್ಚಿ ಇನ್ನೊಂದು ಹಾಕಬಹುದು. ಹಾಗಾಗಿ ಹುಡುಕಿದರೆ ಭಾಗ ಸಿಗುತ್ತದೆ. ನಮ್ಮಲ್ಲಿ ಮೈಸೂರಿನ ಯೆಜ್ಡಿ ಫ್ಯಾಕ್ಟರಿ 1996ರಲ್ಲಿ ಮುಚ್ಚಿದ ಮೇಲೂ ಬೈಕುಗಳು ಓಡುತ್ತಲೇ ಇರುವುದಕ್ಕೆ ಕಾರಣವೂ ಇಂಥದ್ದೇ. ಆದರೆ ಪ್ಯಾರಿ-ಥಾಮಸ್ ತಮ್ಮ ಕೈಯಾರೆ ಮಾಡಿಕೊಂಡ ಭಾಗಗಳು ಯಾವ ಅಂಗಡಿಯಲ್ಲೂ ಸಿಗಲ್ಲ. ಉಳಿದ ಚೂರು, ಹಳೇ ಫೋಟೋ ನೋಡಿಕೊಂಡೇ ಮತ್ತೆ ಮಾಡಬೇಕು. ಬರೆದವರು ಯಾವತ್ತೋ ಬಿಟ್ಟುಹೋದ, ಡಾಕ್ಯುಮೆಂಟ್ ಇಲ್ಲದ ಕೋಡ್ ಇಟ್ಟುಕೊಂಡು ಕೂತವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಈ ಕೆಲಸದಿಂದ ಬಂದ ದೊಡ್ಡ ಫಲ ಕಾರು ಓಡಿದ್ದಲ್ಲ, ಚೈನಿನ ಕಥೆ ಕಳಚಿದ್ದು. ಕಾರೇ ಕಣ್ಣೆದುರಿಗೆ ಬಂದ ಮೇಲೆ ಅಪಘಾತವನ್ನು ಮತ್ತೆ ಪರಿಶೀಲಿಸಿದರು. ಈಗ ಹೆಚ್ಚಿನವರು ಒಪ್ಪುವುದು ಹೀಗೆ: ಬಲಗಡೆಯ ಹಿಂಚಕ್ರ ಕೈಕೊಟ್ಟಿತು, ಕಾರು ಮಗುಚಿ ಮರಳಿನ ಮೇಲೆ ಜಾರಿತು, ತಲೆಗೆ ಪೆಟ್ಟಾದದ್ದು ಆಗಲೇ. ಚೈನ್ ಕೊಲೆಗಾರನಲ್ಲ.

ಸತ್ತವರ ಕಾರನ್ನು ಹಾಗೇ ಬಿಡಬೇಕಿತ್ತು, ಅದೂ ಒಂದು ಸಮಾಧಿಯಲ್ಲವೇ ಅನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಆದರೂ ನಾನು ಓವೆನ್ ಕಡೆ. ಒಬ್ಬ ಇಂಜಿನಿಯರ್ ತಾನೇ ತಿದ್ದಿ ತೀಡಿದ ಯಂತ್ರದ ಚೈನಿಗೆ ಸಿಕ್ಕಿ ಸತ್ತ ಅಂತ ನಲವತ್ತು ಚಿಲ್ಲರೆ ವರ್ಷ ಜನ ಹೇಳಿಕೊಂಡು ಬಂದಿದ್ದರು. ಅದು ಸಣ್ಣ ಅಪವಾದವಲ್ಲ. ಆ ಮಾತಿಗೆ ಸಾಕ್ಷಿ ಹೇಳಬಲ್ಲ ಒಂದೇ ಒಂದು ವಸ್ತು ಮರಳಿನಲ್ಲಿತ್ತು.

ಹಾಗಂತ ಎಲ್ಲವನ್ನೂ ಹೊಸದು ಮಾಡಿ ಅಂತ ನಾನು ಹೇಳುತ್ತಿಲ್ಲ. ಸ್ವಿಟ್ಜರ್ಲೆಂಡಿನ ಅಸ್ಕೋನಾದಲ್ಲಿ 1925ರ ಒಂದು ಬುಗಾಟಿ ಕಾರು ಮಜ್ಜೋರೆ ಸರೋವರದ ತಳದಲ್ಲಿತ್ತು. ಸುಂಕ ಕಟ್ಟದ್ದಕ್ಕೆ 1930ರ ದಶಕದಲ್ಲಿ ನೀರಿಗಿಳಿಸಿದ್ದು ಅಂತ ಕಥೆ. 1967ರಲ್ಲಿ 50 ಮೀಟರ್‌ಗೂ ಹೆಚ್ಚು ಆಳದಲ್ಲಿ ಮುಳುಗುಗಾರನೊಬ್ಬನ ಕಣ್ಣಿಗೆ ಬಿತ್ತು, 2009ರಲ್ಲಿ ಮೇಲೆತ್ತಿದರು, 2010ರಲ್ಲಿ ಪ್ಯಾರಿಸ್ ಹರಾಜಿನಲ್ಲಿ ಎರಡೂವರೆ ಲಕ್ಷ ಯೂರೋ ದಾಟಿತು. ಕೊಂಡ ಅಮೆರಿಕದ ಪೀಟರ್ ಮುಲಿನ್ ಅದನ್ನು ರಿಪೇರಿ ಮಾಡಿಸಲೇ ಇಲ್ಲ. ಅರ್ಧ ಮೈ ಕರಗಿದ್ದ ಕಾರನ್ನು ಹಾಗೇ ತಮ್ಮ ಮ್ಯೂಸಿಯಂನಲ್ಲಿ ಇಟ್ಟರು. ಅದೂ ಸರಿಯೇ ಅನ್ನಿಸುತ್ತೆ. ಆ ಮಾದರಿಯ ಬುಗಾಟಿಗಳು ಬೇರೆಯೂ ಇವೆ. ಕೆರೆಯಲ್ಲಿ ಎಪ್ಪತ್ತು ವರ್ಷ ಇದ್ದದ್ದು ಇದೊಂದೇ, ಅದನ್ನು ಉಜ್ಜಿ ತೆಗೆದರೆ ಉಳಿಯೋದೇನು?

ಬಾಬ್ಸ್ ಓಡುವ ವಿಡಿಯೋ ಸಿಕ್ಕಿದರೆ ದಯವಿಟ್ಟು ಶಬ್ದ ಜೋರಾಗಿಟ್ಟು ನೋಡಿ. ನಾನು ಮಧ್ಯಾಹ್ನ ಊಟದ ಹೊತ್ತಲ್ಲಿ ಹಾಕಿ ಪಕ್ಕದ ಕ್ಯೂಬಿಕಲ್‌ನವರನ್ನೂ ಎಬ್ಬಿಸಿದೆ. ಓವೆನ್ ಈಗಿಲ್ಲ. ಬಾಬ್ಸ್ ಮಾತ್ರ ಆ ತೀರಕ್ಕೆ ವಾಪಸ್ಸು ಬಂದಿದೆ. ಪೆಂಡೈನ್‌ನಲ್ಲಿ ವೇಗದ ದಾಖಲೆಗಳಿಗೇ ಒಂದು ಮ್ಯೂಸಿಯಂ ಇದೆ, ಅಲ್ಲಿ ವರ್ಷದ ಕೆಲವು ತಿಂಗಳು ಅದನ್ನು ನೋಡಬಹುದು. ಆ ಕಡೆ ಆನ್‌ಸೈಟ್‌ನಲ್ಲಿ ಇರುವವರು ಯಾರಾದರೂ ನೋಡಿದ್ದರೆ ಬರೆಯಿರಿ. ಆ ಚೈನ್‌ಗಳನ್ನು ಹತ್ತಿರದಿಂದ ನೋಡುವುದಕ್ಕೆ ಬಿಡ್ತಾರಾ ಅಂತ ಕೇಳಬೇಕಿತ್ತು.