ಕೇಳುವಿಕೆ: ಮಸ್ಕಿಯ ಬಂಡೆಯಿಂದ ಗದುಗಿನ ಆಶ್ರಮದವರೆಗೆ

ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಕ್ರಿಯಾಪದ ಮೂರು ಅರ್ಥಗಳನ್ನು ಹೊತ್ತಿದೆ. ಕಿವಿಗೊಡುವುದೂ ಕೇಳುವುದೇ, ಪ್ರಶ್ನಿಸುವುದೂ ಕೇಳುವುದೇ, ಹಿರಿಯರು ಹೇಳಿದಂತೆ ನಡೆದುಕೊಳ್ಳುವುದೂ ಮಾತು ಕೇಳುವುದೇ. ಗಮನವಿಟ್ಟು ಕೇಳುವುದಕ್ಕೆ ‘ಆಲಿಸು’ ಎಂಬ ಬೇರೆ ಪದವಿದೆ. ವಿದ್ವಾಂಸರನ್ನು ‘ಬಹುಶ್ರುತ’ ಎಂದು ಕರೆಯುವುದು ವಾಡಿಕೆ. ಬಹಳ ಕೇಳಿಸಿಕೊಂಡವನು ಎಂಬುದು ಆ ಪದದ ಮೂಲಾರ್ಥ. ಓದು ವ್ಯಾಪಕವಾಗುವ ಮುನ್ನ ವಿದ್ಯೆ, ಭಕ್ತಿ, ಸಂಗೀತ ಮತ್ತು ನ್ಯಾಯ ಇವೆಲ್ಲವೂ ಕಿವಿಯ ಮೂಲಕವೇ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಸಾಗಿಬಂದವು.

ಈ ಪರಂಪರೆಯ ಕುರುಹುಗಳನ್ನು ಅರಸುವವರಿಗೆ ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಜವಳಗೇರಾ ಸುತ್ತಲಿನ ಸೀಮೆ ಅನುಕೂಲವಾದ ಆರಂಭಬಿಂದು. ಇದರ ಒಂದು ದಿಕ್ಕಿಗೆ ಮಸ್ಕಿಯಿದೆ, ಇನ್ನೊಂದು ದಿಕ್ಕಿಗೆ ಮಾನ್ವಿಯಿದೆ.

ಕೇಳಿಸಲೆಂದೇ ಬರೆದ ಶಾಸನ

ಮಸ್ಕಿಯ ಬಂಡೆಯ ಮೇಲಿನ ಅಶೋಕನ ಕಿರು ಶಾಸನ 1915ರಲ್ಲಿ ಗಣಿ ಇಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಆ ಬಿರುದು ಅಶೋಕನದೇ ಎಂಬುದನ್ನು ಹೆಸರು ಸಹಿತ ಖಚಿತಪಡಿಸಿದ ಕೀರ್ತಿ ಮಸ್ಕಿಗೆ ಸಲ್ಲುತ್ತದೆ.

ಶಾಸನದ ಪ್ರಸಿದ್ಧಿಗೆ ಈ ಹೆಸರೇ ಕಾರಣವಾದರೂ ಅದರ ಆಶಯ ಬೇರೆಯೇ ಇದೆ. ಧರ್ಮದ ಉನ್ನತ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಾಮಾನ್ಯನಿಗೂ ಅದು ಸಾಧ್ಯ; ಈ ಸಂಗತಿಯನ್ನು ಚಿಕ್ಕವರಿಗೂ ದೊಡ್ಡವರಿಗೂ ಹೇಳಬೇಕು ಎಂದು ಅದು ಸೂಚಿಸುತ್ತದೆ. ಇದೇ ಶಾಸನದ ಬ್ರಹ್ಮಗಿರಿಯ ಪಾಠದಲ್ಲಿ ರಾಜಘೋಷಣೆಗೆ ಬಳಸಿರುವ ಪ್ರಾಕೃತ ಪದಕ್ಕೆ ‘ಕೇಳಿಸಿದ್ದು’ ಎಂದೇ ಅರ್ಥ. ಅಕ್ಷರ ಬಲ್ಲವರು ವಿರಳವಾಗಿದ್ದ ಕಾಲವದು. ಕಲ್ಲಿನ ಮೇಲಿನ ಬರಹ ಸಾರ್ಥಕವಾಗುತ್ತಿದ್ದುದು ಯಾರೋ ಓದಿ ಹೇಳಿ, ಮತ್ತೊಬ್ಬರು ಕಿವಿಗೊಟ್ಟಾಗ ಮಾತ್ರ.

ಕೇಳಲೊಲ್ಲದ ಪಂಡಿತ

ಮಾನ್ವಿ ಸೀಮೆ ಹರಿದಾಸರ ನೆಲೆ. ಮಾನ್ವಿ ಸಮೀಪದ ಬ್ಯಾಗವಾಟದಲ್ಲಿ ಜನಿಸಿದ ಜಗನ್ನಾಥದಾಸರ (1728–1809) ಪೂರ್ವಾಶ್ರಮದ ಹೆಸರು ಶ್ರೀನಿವಾಸಾಚಾರ್ಯ. ಸಂಸ್ಕೃತದಲ್ಲಿ ಘನ ಪಾಂಡಿತ್ಯ ಪಡೆದಿದ್ದ ಅವರಿಗೆ ಕನ್ನಡದ ದೇವರನಾಮಗಳ ಬಗೆಗೆ ತಾತ್ಸಾರವಿತ್ತೆಂದು ಸಂಪ್ರದಾಯ ಹೇಳುತ್ತದೆ. ವಿಜಯದಾಸರು ಊಟಕ್ಕೆ ಆಹ್ವಾನಿಸಿದಾಗ ಹೊಟ್ಟೆನೋವಿನ ನೆಪ ಹೇಳಿ ತಪ್ಪಿಸಿಕೊಂಡರು, ಬಳಿಕ ಆ ನೋವೇ ನಿಜವಾಗಿ ಕಾಡಿತು, ಕಡೆಗೆ ವಿಜಯದಾಸರ ಸೂಚನೆಯಂತೆ ಗೋಪಾಲದಾಸರ ಬಳಿ ಹೋಗಿ ಗುಣಮುಖರಾದರು ಎಂಬುದು ಪ್ರಚಲಿತ ಕಥೆ.

ಕಥೆಯ ಪವಾಡವನ್ನು ನಂಬುವುದು, ಬಿಡುವುದು ಅವರವರಿಗೆ ಸೇರಿದ್ದು. ಆದರೆ ಫಲಿತಾಂಶ ಸಾಹಿತ್ಯ ಚರಿತ್ರೆಯಲ್ಲಿ ದಾಖಲಾಗಿದೆ. ಕನ್ನಡದ ಹಾಡನ್ನು ಕೇಳಲೊಲ್ಲದ ಪಂಡಿತರು ಕನ್ನಡದಲ್ಲೇ, ಭಾಮಿನಿ ಷಟ್ಪದಿಯಲ್ಲಿ ‘ಹರಿಕಥಾಮೃತಸಾರ’ ರಚಿಸಿದರು. ಭಕ್ತರು ಇದನ್ನು ಆದರದಿಂದ ಕೇಳಬೇಕೆಂಬ ವಿನಂತಿ ಆ ಕೃತಿಯ ಮೊದಲಲ್ಲೇ ಬರುತ್ತದೆ. ಕೇಳುವುದಕ್ಕೆ ಅಡ್ಡಿಯಾಗುವುದು ಬಹುತೇಕ ಸಂದರ್ಭಗಳಲ್ಲಿ ಕಿವಿಯ ದೋಷವಲ್ಲ. ಹೇಳುವವರು ತನಗಿಂತ ಕಡಿಮೆಯವರೆಂಬ ಭಾವನೆ ಎಂಬುದಕ್ಕೆ ಈ ಬದುಕು ನಿದರ್ಶನವಾಗಿದೆ.

ಕಿವಿಯೇ ಪಠ್ಯಪುಸ್ತಕ

ಸಿಂಧನೂರಿನಿಂದ ಪಶ್ಚಿಮಕ್ಕೆ ಕೊಪ್ಪಳ ದಾಟಿದರೆ ಗದಗ. ಕೇಳುವಿಕೆಯನ್ನೇ ಶಿಕ್ಷಣ ಕ್ರಮವಾಗಿಸಿದ ವೀರೇಶ್ವರ ಪುಣ್ಯಾಶ್ರಮ ಇಲ್ಲಿದೆ. ಇದರ ಸ್ಥಾಪಕ ಪಂಚಾಕ್ಷರಿ ಗವಾಯಿಗಳು (1892–1944) ಹುಟ್ಟಿನಿಂದಲೇ ಅಂಧರು. ಹಾನಗಲ್ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು, ಅಂಧ ಹಾಗೂ ಬಡ ಮಕ್ಕಳಿಗೆ ಅನ್ನ, ವಸತಿ ನೀಡಿ ವಿದ್ಯೆ ಧಾರೆಯೆರೆದರು. ಅವರ ಉತ್ತರಾಧಿಕಾರಿ ಪುಟ್ಟರಾಜ ಗವಾಯಿಗಳು (1914–2010) ಎಳವೆಯಲ್ಲೇ ದೃಷ್ಟಿ ಕಳೆದುಕೊಂಡವರು. 2010ರಲ್ಲಿ ಅವರಿಗೆ ಪದ್ಮಭೂಷಣ ಗೌರವ ಸಂದಿತು.

ಗುರು ಒಂದು ಸ್ವರಗುಚ್ಛವನ್ನು ಹಾಡುತ್ತಾರೆ, ಶಿಷ್ಯ ಅದನ್ನು ಮರಳಿ ಹಾಡುತ್ತಾನೆ. ತಪ್ಪಿದರೆ ಗುರು ಮತ್ತೆ ಹಾಡುತ್ತಾರೆ. ಇಲ್ಲಿ ಗುರುವೂ ಶಿಷ್ಯನಷ್ಟೇ ಕೇಳಬೇಕಾಗುತ್ತದೆ. ಕಣ್ಣಿಲ್ಲದ ಗುರುವಿಗೆ ಶಿಷ್ಯನ ಆಯಾಸ, ಅಂಜಿಕೆ, ಅಲಕ್ಷ್ಯ ಎಲ್ಲವೂ ದನಿಯಲ್ಲೇ ತಿಳಿಯಬೇಕು. ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರು, ಪುಟ್ಟರಾಜರ ಬಳಿ ಹನ್ನೆರಡು ವರ್ಷ ಕಲಿತ ವೆಂಕಟೇಶ ಕುಮಾರ್ ಕಣ್ಣುಳ್ಳವರೇ. ಆದರೂ ಅವರು ಕಲಿತದ್ದು ಕಿವಿಯಿಂದ.

ತಂಬೂರಿಯ ಶ್ರುತಿಯೂ ಇದೇ ಪಾಠ ಹೇಳುತ್ತದೆ. ಷಡ್ಜ, ಪಂಚಮಗಳಿಗಷ್ಟೇ ಶ್ರುತಿಗೊಳಿಸಿದ ತಂತಿಗಳನ್ನು ಮೀಟುತ್ತಿದ್ದರೂ ಪಳಗಿದ ಕಿವಿಗೆ ಗಾಂಧಾರ ಕೇಳಿಸುತ್ತದೆ. ಮಂದ್ರ ಷಡ್ಜದ ತಂತಿಯಿಂದ ಹೊಮ್ಮುವ ಉಪಸ್ವರ ಅದು. ಎಲ್ಲರ ಎದುರಿಗೂ ಅದು ನುಡಿಯುತ್ತಿರುತ್ತದೆ. ಮೌನವಾಗಿ ಕಾದವರಿಗೆ ಮಾತ್ರ ದಕ್ಕುತ್ತದೆ.

ಕಟ್ಟೆ ಮತ್ತು ಕ್ಯಾಂಪು

ಸಂಗೀತ ಸಭೆಯ ಹೊರಗೂ ಈ ಗುಣದ ಅಗತ್ಯವಿದೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಹರಿದ ಬಳಿಕ ಆಂಧ್ರದ ರೈತ ಕುಟುಂಬಗಳು ಸಿಂಧನೂರು ಭಾಗದಲ್ಲಿ ನೆಲೆಸಿ ‘ಕ್ಯಾಂಪು’ಗಳು ಹುಟ್ಟಿಕೊಂಡವು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಇಲ್ಲಿಯೇ ಪುನರ್ವಸತಿ ಕಲ್ಪಿಸಲಾಯಿತು. ಹೀಗಾಗಿ ಕನ್ನಡ, ಉರ್ದು, ತೆಲುಗು, ಬಂಗಾಳಿ ನುಡಿಗಳು ಒಂದೇ ಸಂತೆಯಲ್ಲಿ ಬೆರೆಯುತ್ತವೆ. ನೆರೆಯವನ ನುಡಿಯನ್ನು ಶಾಲೆಯಲ್ಲಿ ಕಲಿತವರು ಕಡಿಮೆ. ಬಿತ್ತನೆ, ಕೂಲಿ, ವ್ಯಾಪಾರಗಳ ನಡುವೆ ಕೇಳಿ ಕೇಳಿಯೇ ಅದು ನಾಲಿಗೆಗೆ ಬರುತ್ತದೆ. ತನ್ನ ತಪ್ಪು ಉಚ್ಚಾರವನ್ನು ನಗದೆ ಕೇಳಿಸಿಕೊಳ್ಳುವವನೊಬ್ಬ ಎದುರಿಗಿದ್ದರೆ ಹೊಸಬನಿಗೆ ಆ ಊರು ತನ್ನದಾಗುತ್ತದೆ.

ಕಿವಿಯ ಆರೈಕೆ

ಕೇಳುವ ಮನಸ್ಸಿದ್ದೂ ಕೇಳಲಾಗದವರ ಸ್ಥಿತಿ ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿಯಂತೆ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಒಂದಲ್ಲ ಒಂದು ಪ್ರಮಾಣದ ಶ್ರವಣ ದೋಷವಿದೆ. ವಯಸ್ಸಾದವರಲ್ಲಿ ಇದು ನಿಧಾನವಾಗಿ ಬರುತ್ತದೆ. ಮನೆಯ ಹಿರಿಯರು ಮಾತಿಗೆ ಉತ್ತರಿಸದಿದ್ದಾಗ ಅದನ್ನು ಹಟ ಅಥವಾ ಮರೆವು ಎಂದು ಭಾವಿಸುವವರೇ ಹೆಚ್ಚು. ಮತ್ತೆ ಮತ್ತೆ ‘ಏನು?’ ಎಂದು ಕೇಳಲು ಸಂಕೋಚಪಟ್ಟು ಅವರು ಮಾತುಕತೆಯಿಂದಲೇ ದೂರ ಸರಿಯುತ್ತಾರೆ. ಎದುರು ಕುಳಿತು, ಮುಖ ಕಾಣುವಂತೆ, ಕಿರುಚದೆ ನಿಧಾನವಾಗಿ ಮಾತನಾಡುವುದು ಮೊದಲ ನೆರವು. ವೈದ್ಯರಿಂದ ಶ್ರವಣ ಪರೀಕ್ಷೆ ಮಾಡಿಸುವುದು ಎರಡನೆಯದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕ್ಷೇತ್ರದಲ್ಲಿ ಸೇವೆ ಸಲ್ಲಿಸುತ್ತಿದೆ.

ಪ್ರತಿವರ್ಷ ಮಾರ್ಚ್ 3ನ್ನು ವಿಶ್ವ ಶ್ರವಣ ದಿನವಾಗಿ ಆಚರಿಸಲಾಗುತ್ತದೆ. ಪುಟ್ಟರಾಜ ಗವಾಯಿಗಳು ಹುಟ್ಟಿದ್ದೂ ಮಾರ್ಚ್ 3ರಂದೇ.