ಕೌದಿಯ ಮೇಲೆ ಬರೆದ ಕಥೆ

ಹೆಂಗಸಿನ ಕೈಯಲ್ಲಿ ಸೂಜಿ ಕಂಡರೆ 'ಬಿಡುವಿನ ಕೆಲಸ' ಎನ್ನುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಕುಂಚ ಹಿಡಿದರೆ ಕಲೆ, ಸೂಜಿ ಹಿಡಿದರೆ ಮನೆಗೆಲಸ! ಈ ಲೆಕ್ಕವನ್ನು ತಲೆಕೆಳಗು ಮಾಡಿದವರು ಅಮೆರಿಕದ ಒಬ್ಬ ಶಾಲಾ ಉಪಾಧ್ಯಾಯಿನಿ, ಫೇತ್ ರಿಂಗ್‌ಗೋಲ್ಡ್. ನಾನೂ ಅದೇ ವೃತ್ತಿಯವಳಾದ್ದರಿಂದ ಅವರ ಬಗೆಗೆ ನನಗೆ ಸ್ವಲ್ಪ ಹೆಚ್ಚೇ ಅಭಿಮಾನ.

ಅವರು 1930ರಲ್ಲಿ ಹುಟ್ಟಿದ್ದು ನ್ಯೂಯಾರ್ಕಿನಲ್ಲಿ ಕಪ್ಪು ಜನ ನೆಲೆಸಿದ್ದ ಹಾರ್ಲೆಮ್ ಬಡಾವಣೆಯಲ್ಲಿ. ಬಾಲ್ಯದಲ್ಲಿ ಆಸ್ತಮಾ. ಶಾಲೆಗೆ ಹೋಗಲಾಗದೆ ಮನೆಯಲ್ಲೇ ಉಳಿದ ದಿನಗಳಲ್ಲಿ ತಾಯಿ ವಿಲ್ಲಿ ಪೋಸಿ ಮಗಳ ಕೈಗೆ ಬಣ್ಣ ಕೊಟ್ಟರು, ಹೊಲಿಗೆಯನ್ನೂ ಕಲಿಸಿದರು. ಚಿತ್ರಕಲೆ ಓದಲೆಂದು ಸಿಟಿ ಕಾಲೇಜಿಗೆ ಹೋದರೆ ಆ ವಿಭಾಗಕ್ಕೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಚಿತ್ರಕಲೆಯ ಶಿಕ್ಷಕಿಯಾಗುವುದಕ್ಕೆ ಮಾತ್ರ ಓದಬಹುದಿತ್ತು. ಅದನ್ನೇ ಓದಿದರು. 1955ರಿಂದ 1973ರವರೆಗೆ ನಗರದ ಸಾರ್ವಜನಿಕ ಶಾಲೆಗಳಲ್ಲಿ ಪಾಠ ಹೇಳುತ್ತ, ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸುತ್ತ ಚಿತ್ರ ಬರೆದರು. ನೌಕರಿ, ಮನೆ ಎರಡನ್ನೂ ಹೊತ್ತವರಿಗೆ ಆ ದಿನಚರಿಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

1967ರಲ್ಲಿ ಅವರು 'ಡೈ' ಎಂಬ ದೊಡ್ಡ ಚಿತ್ರ ಬರೆದರು. ಅದರಲ್ಲಿ ಬಿಳಿಯರೂ ಕಪ್ಪು ಜನರೂ ಹೊಡೆದಾಡಿ ರಕ್ತದಲ್ಲಿ ತೊಯ್ದಿದ್ದಾರೆ. ನಡುವೆ ಒಂದು ಬಿಳಿಯ ಹುಡುಗ, ಒಂದು ಕಪ್ಪು ಹುಡುಗಿ ಹೆದರಿ ಒಬ್ಬರನ್ನೊಬ್ಬರು ಅಪ್ಪಿಕೊಂಡಿದ್ದಾರೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಈ ಚಿತ್ರವನ್ನು ಕೊಂಡದ್ದು 2016ರಲ್ಲಿ! 1970ರಲ್ಲಿ ವಿಟ್ನಿ ಸಂಗ್ರಹಾಲಯದ ಮುಂದೆ, ಪ್ರದರ್ಶನದಲ್ಲಿ ಅರ್ಧ ಪಾಲು ಹೆಣ್ಣುಮಕ್ಕಳಿಗೆ ಸಿಗಬೇಕೆಂದು ಪ್ರತಿಭಟಿಸಿದವರಲ್ಲಿ ಅವರೂ ಒಬ್ಬರು.

1972ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಂಗ್ರಹಾಲಯದಲ್ಲಿ ಅವರು ಟಿಬೆಟಿನ ಥಂಕಾ ಚಿತ್ರಗಳನ್ನು ಕಂಡರು. ಸುತ್ತಲೂ ಬಟ್ಟೆಯ ಅಂಚು, ಸುರುಳಿ ಸುತ್ತಿ ಎಲ್ಲಿಗೆ ಬೇಕಾದರೂ ಒಯ್ಯಬಹುದು. ಊರಿಗೆ ಮರಳಿ ತಾವೂ ಅಂಥ ಚಿತ್ರ ಬರೆದರು, ತಾಯಿ ಅಂಚು ಹೊಲಿದುಕೊಟ್ಟರು. 1980ರಲ್ಲಿ ತಾಯಿ ಮಗಳು ಕೂಡಿ ಒಂದು ಕ್ವಿಲ್ಟ್ ಮಾಡಿದರು. ಬಟ್ಟೆಯ ತುಂಡು ಜೋಡಿಸಿ ಹೊಲಿದ ಹೊದಿಕೆ, ನಮ್ಮ ಕೌದಿಯ ಹಾಗೆ. ಅವರ ಮುತ್ತಜ್ಜಿಯ ತಾಯಿಯೂ ಗುಲಾಮಗಿರಿಯ ಕಾಲದಲ್ಲಿ ಕ್ವಿಲ್ಟ್ ಹೊಲಿದವಳೇ. ಮರುವರ್ಷ ತಾಯಿ ತೀರಿಕೊಂಡರು. ಮಗಳು ಸೂಜಿ ಕೆಳಗಿಡಲಿಲ್ಲ.

ಆ ಹೊತ್ತಿಗೆ ಅವರ ಆತ್ಮಕಥೆಗೆ ಪ್ರಕಾಶಕರು ಸಿಕ್ಕಿರಲಿಲ್ಲ. ಪುಸ್ತಕ ಅಚ್ಚಾಗದಿದ್ದರೇನು, ಕಥೆಯನ್ನು ಕ್ವಿಲ್ಟಿನ ಮೇಲೆಯೇ ಬರೆದರು! 1983ರಲ್ಲಿ ಮೊದಲ ಕಥಾ ಕ್ವಿಲ್ಟ್ ಬಂತು. ತಿಂಡಿಯ ಪೊಟ್ಟಣದ ಮೇಲೆ ನಗುವ ಅಡುಗೆಯವಳಾಗಿದ್ದ 'ಆಂಟ್ ಜೆಮೈಮಾ' ಅದರಲ್ಲಿ ಸ್ವಂತ ವ್ಯಾಪಾರ ನಡೆಸುವ ಹೆಂಗಸಾದಳು. 1988ರ 'ಟಾರ್ ಬೀಚ್'ನಲ್ಲಿ ಹಾರ್ಲೆಮ್‌ನ ಮಾಳಿಗೆಯ ಮೇಲೆ ಮಲಗಿದ ಎಂಟು ವರ್ಷದ ಕ್ಯಾಸಿ ನಕ್ಷತ್ರಗಳ ನಡುವೆ ಸೇತುವೆಯ ಮೇಲೆ ಹಾರುತ್ತಾಳೆ. ಬಣ್ಣ, ಬಟ್ಟೆ, ಬರೆಹ ಮೂರೂ ಒಂದೇ ಹೊದಿಕೆಯಲ್ಲಿ. 1991ರಲ್ಲಿ ಅದು ಮಕ್ಕಳ ಪುಸ್ತಕವಾಯಿತು. ಆತ್ಮಕಥೆಯೂ 1995ರಲ್ಲಿ ಅಚ್ಚಾಯಿತು.

2024ರ ಏಪ್ರಿಲ್‌ನಲ್ಲಿ, 93ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕಾಲೇಜು ಅವರನ್ನು ಮಕ್ಕಳಿಗೆ ಕಲಿಸುವ ದಾರಿಗೆ ತಳ್ಳಿತ್ತು. ಕಡೆಗೆ ಅವರ ಕಲೆಯೇ ಮಕ್ಕಳ ಕೈ ಸೇರಿತು. ಅವರು ತಮ್ಮ ಕ್ವಿಲ್ಟುಗಳಿಗೆ ಹೆಸರು ಹಾಕಿದರು. ನಮ್ಮ ಅಜ್ಜಿಯರು ಹಾಕಲಿಲ್ಲ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕೌದಿಯೊಂದಿದ್ದರೆ, ಅದನ್ನು ಹೊಲಿದವಳ ಹೆಸರನ್ನು ಮನೆಯ ಹಿರಿಯರಲ್ಲಿ ಕೇಳಿ, ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ.