ಸಂಬಳ ನೋಡಿ ಕಂತು

1764ರ ಆರಂಭದಲ್ಲಿ ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಗ್ಲಾಸ್ಗೋ ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಹೊರಟಾಗ ಆ ವರ್ಷದ ಪಾಠ ಇನ್ನೂ ಮುಗಿದಿರಲಿಲ್ಲ. ವಿದ್ಯಾರ್ಥಿಗಳು ಫೀಸನ್ನು ನೇರವಾಗಿ ಮೇಷ್ಟರ ಕೈಗೇ ಕೊಡುತ್ತಿದ್ದ ಕಾಲ ಅದು. ಪೂರ್ತಿ ಕಲಿಸದ ಮೇಲೆ ಹಣ ಇಟ್ಟುಕೊಳ್ಳುವುದು ಸರಿಯಲ್ಲವೆಂದು ಸ್ಮಿತ್ ಒಬ್ಬೊಬ್ಬರ ಫೀಸನ್ನೂ ಕಾಗದದಲ್ಲಿ ಸುತ್ತಿ ತಂದರು. ಹುಡುಗರು ಬೇಡವೆಂದರೂ ಬಿಡದೆ ಜೇಬಿಗೆ ತುರುಕಿದರು ಎಂಬ ಪ್ರಸಂಗ ಅವರ ಜೀವನಚರಿತ್ರೆಗಳಲ್ಲಿ ಉಳಿದಿದೆ. 1776ರ ‘ವೆಲ್ತ್ ಆಫ್ ನೇಷನ್ಸ್’ನಲ್ಲಿ ಅವರು ಓದಿನ ಖರ್ಚನ್ನು ದುಬಾರಿ ಯಂತ್ರದ ಖರೀದಿಗೆ ಹೋಲಿಸಿದರು. ಯಂತ್ರ ಸವೆದುಹೋಗುವ ಮೊದಲು ಹಾಕಿದ ಬಂಡವಾಳ ಲಾಭದೊಂದಿಗೆ ಮರಳಬೇಕು; ವರ್ಷಗಟ್ಟಲೆ ದುಡ್ಡು ಸುರಿದು ಕಲಿತವನ ದುಡಿಮೆಯೂ ಹಾಗೆಯೇ ಆ ಖರ್ಚನ್ನು ತೀರಿಸಬೇಕು. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತೂ ಇದೆ: ವಕೀಲಿಕೆ ಕಲಿಯಲು ಹೋದ ಇಪ್ಪತ್ತು ಜನರಲ್ಲಿ ಅದರಿಂದಲೇ ಬದುಕು ಕಟ್ಟಿಕೊಳ್ಳುವವನು ಒಬ್ಬ ಇದ್ದಾನು. ಪದವಿಯ ಲಾಭನಷ್ಟ ತೂಗುವವರು ಯಂತ್ರದ ಮಾತನ್ನು ನೆನಪಿಟ್ಟುಕೊಂಡಷ್ಟು ಈ ಇಪ್ಪತ್ತರ ಮಾತನ್ನು ನೆನಪಿಟ್ಟುಕೊಳ್ಳಲಿಲ್ಲ.

ಓದಿಗೆ ಹಾಕಿದ ಹಣ ಮರಳದೆ ಹೋಗಬಹುದಾದ ಆ ಅಪಾಯದ ಕಡೆಗೆ ಮತ್ತೆ ಗಮನ ಸೆಳೆದವರು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್. 1955ರ ಪ್ರಬಂಧವೊಂದರಲ್ಲಿ ಅವರು ಎತ್ತಿದ ತೊಡಕು ಸರಳವಾದದ್ದು. ಮನೆಗೆ ಸಾಲ ಕೊಟ್ಟ ಬ್ಯಾಂಕು ಹಣ ಬಾರದಿದ್ದರೆ ಮನೆಯನ್ನೇ ಹರಾಜು ಹಾಕಬಹುದು. ಓದಿಗೆ ಸಾಲ ಕೊಟ್ಟರೆ ಹರಾಜು ಹಾಕುವುದು ಯಾರನ್ನು? ಓದಿನ ಖರ್ಚನ್ನು ಮೊದಲು ಕೊಟ್ಟು, ಮುಂದೆ ಆ ವ್ಯಕ್ತಿ ಗಳಿಸುವುದರಲ್ಲಿ ಇಂತಿಷ್ಟು ಪಾಲು ಪಡೆಯಬೇಕು ಎಂಬುದು ಅವರು ಸೂಚಿಸಿದ ದಾರಿ. ಹೆಚ್ಚು ದುಡಿದವರು ಹೆಚ್ಚು ಕೊಡುತ್ತಾರೆ, ಕೈಸೋತವರು ಕಡಿಮೆ.

ಇದನ್ನು ಮೊದಲು ದೊಡ್ಡದಾಗಿ ಪ್ರಯೋಗಿಸಿದ್ದು ಅಮೆರಿಕದ ಯೇಲ್ ವಿಶ್ವವಿದ್ಯಾಲಯ, 1971ರಲ್ಲಿ. ಯೋಜನೆಯ ಹಿಂದಿದ್ದವರು ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಟೋಬಿನ್. ಪಡೆದ ಪ್ರತಿ 1,000 ಡಾಲರಿಗೆ ವರ್ಷದ ಆದಾಯದ ಶೇ 0.4ರಷ್ಟು ಕಟ್ಟಬೇಕು, 5,000 ಡಾಲರ್ ಪಡೆದವರಿಗೆ ಅದು ಶೇ 2. ಎಡವಟ್ಟಾದದ್ದು ಇನ್ನೊಂದು ಷರತ್ತಿನಿಂದ. ಒಂದು ತಂಡದವರೆಲ್ಲರ ಸಾಲ ಒಟ್ಟಾಗಿ ತೀರುವವರೆಗೆ, ಅಥವಾ 35 ವರ್ಷ ತುಂಬುವವರೆಗೆ, ಯಾರಿಗೂ ಬಿಡುಗಡೆಯಿಲ್ಲ. ಸಾಲದ ಒಂದೂವರೆ ಪಟ್ಟನ್ನು ಬಡ್ಡಿಸಮೇತ ಒಮ್ಮೆಗೇ ಕೊಟ್ಟರೆ ಮಾತ್ರ ಹೊರಹೋಗಬಹುದು. ಚೆನ್ನಾಗಿ ದುಡಿದವರು ಹಾಗೆ ಕೊಟ್ಟು ಹೊರಬಿದ್ದರು. ಕೆಲವರು ಕಟ್ಟುವುದನ್ನೇ ನಿಲ್ಲಿಸಿದರು. ಸಾಧಾರಣ ಸಂಬಳದ ಪ್ರಾಮಾಣಿಕರು ತಮ್ಮ ಪಾಲು ಎಂದೋ ತೀರಿಸಿದ್ದರೂ ಸಹಪಾಠಿಗಳ ಬಾಕಿಗಾಗಿ ಕಟ್ಟುತ್ತಲೇ ಹೋದರು. 1978ರಲ್ಲಿ ಹೊಸಬರನ್ನು ಸೇರಿಸಿಕೊಳ್ಳುವುದು ನಿಂತಿತು. ಕಟ್ಟುತ್ತಿದ್ದವರ ಸಿಟ್ಟು ತಾಳಲಾರದೆ 2001ರಲ್ಲಿ ಯೇಲ್ ಉಳಿದ ಬಾಕಿಯನ್ನು ಮನ್ನಾ ಮಾಡಿತು. ನಷ್ಟದ ಭಾರ ಹೊರುವ ಶಕ್ತಿ ಸರ್ಕಾರಕ್ಕಿದೆ; ಅದನ್ನು ಸಹಪಾಠಿಗಳ ಹೆಗಲಿಗೆ ಹೊರಿಸಿದ್ದು ದೊಡ್ಡ ತಪ್ಪು.

ಆಸ್ಟ್ರೇಲಿಯ ಆ ತಪ್ಪು ಮಾಡಲಿಲ್ಲ. 1974ರಲ್ಲಿ ಫೀಸು ರದ್ದು ಮಾಡಿದ್ದ ಆ ದೇಶ 1989ರಲ್ಲಿ ವರ್ಷಕ್ಕೆ 1,800 ಡಾಲರ್ ವಿಧಿಸಿತು, ಆದರೆ ಕೂಡಲೇ ಕಟ್ಟಲೇಬೇಕೆಂದಿರಲಿಲ್ಲ. ಅರ್ಥಶಾಸ್ತ್ರಜ್ಞ ಬ್ರೂಸ್ ಚಾಪ್‌ಮನ್ ರೂಪಿಸಿದ ಈ ಏರ್ಪಾಟಿನಲ್ಲಿ ಓದು ಮುಗಿಸಿದವರ ಆದಾಯ ಒಂದು ಮಟ್ಟ ದಾಟಿದ ಮೇಲಷ್ಟೇ ತೆರಿಗೆ ಇಲಾಖೆ ಸಂಬಳದಿಂದ ಹಣ ಮುರಿದುಕೊಳ್ಳುತ್ತದೆ. ಕೆಲಸ ಹೋದರೆ ಕಂತೂ ನಿಲ್ಲುತ್ತದೆ. ಮೊದಲಿಗೆ ಎಲ್ಲ ಕೋರ್ಸುಗಳಿಗೂ ಒಂದೇ ದರವಿತ್ತು. 1997ರಿಂದ ಮೂರು ದರ್ಜೆಗಳಾದವು, ಅರ್ಥಶಾಸ್ತ್ರ ನಡುವಿನ ದರ್ಜೆಗೆ ಬಿತ್ತು. 2021ರಲ್ಲಿ ಅದರ ದರ ವರ್ಷಕ್ಕೆ 14,500 ಡಾಲರಿಗೇರಿತು. ನರ್ಸಿಂಗ್ ಮತ್ತು ಶಿಕ್ಷಕ ತರಬೇತಿಗೆ ಆಗ 4,000 ಡಾಲರಿಗೂ ಕಡಿಮೆ ಇತ್ತು.

ಇಂಗ್ಲೆಂಡಿನಲ್ಲಿ ವರ್ಷದ ಫೀಸು 1998ರಲ್ಲಿ 1,000 ಪೌಂಡ್ ಇದ್ದದ್ದು 2012ರ ಹೊತ್ತಿಗೆ 9,000 ಪೌಂಡ್‌ವರೆಗೆ ಹೋಯಿತು. ಇಷ್ಟು ಕೊಟ್ಟು ಓದಿದರೆ ಗಿಟ್ಟುತ್ತದೆಯೇ? ತೆರಿಗೆ ದಾಖಲೆಗಳನ್ನು ಜೋಡಿಸಿ ನೋಡಿದ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ 2020ರಲ್ಲಿ ಉತ್ತರ ಕೊಟ್ಟಿತು. ತೆರಿಗೆ, ಸಾಲ ಎಲ್ಲ ಕಳೆದ ಮೇಲೂ ಅರ್ಥಶಾಸ್ತ್ರ ಓದಿದ ಗಂಡಸರಿಗೆ ಜೀವಮಾನದಲ್ಲಿ ಸರಾಸರಿ 5 ಲಕ್ಷ ಪೌಂಡಿಗೂ ಮಿಕ್ಕ ಲಾಭ, ಹೆಂಗಸರಿಗೆ 2.5 ಲಕ್ಷಕ್ಕೂ ಮಿಕ್ಕಿ. ವೈದ್ಯಕೀಯದ ಸಾಲಿನಲ್ಲಿ ನಿಲ್ಲುವ ಅಂಕಿ ಇದು. ಆದರೆ ಎಲ್ಲ ಪದವಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಹಣದ ದೃಷ್ಟಿಯಿಂದ ಓದದಿದ್ದರೇ ಲೇಸೆನಿಸುವವರು ಸುಮಾರು ಐವರಲ್ಲಿ ಒಬ್ಬರು ಎಂದೂ ಆ ವರದಿ ಹೇಳಿತು. ಸರಾಸರಿಯನ್ನು ಯಾರೂ ಸಂಬಳವಾಗಿ ಪಡೆಯುವುದಿಲ್ಲ. ಅದಕ್ಕೇ ಕಂತಿನ ನಿಯಮ ಮುಖ್ಯ. 2023ರಿಂದ ಸಾಲ ಪಡೆದು ಸೇರಿದ ಇಂಗ್ಲಿಷ್ ವಿದ್ಯಾರ್ಥಿ ವರ್ಷಕ್ಕೆ 25,000 ಪೌಂಡ್ ಮೀರಿದ ಆದಾಯದ ಮೇಲೆ ಮಾತ್ರ ಶೇ 9 ಕಟ್ಟಬೇಕು. 35,000 ಪೌಂಡ್ ಸಂಬಳಕ್ಕೆ ಅದು ತಿಂಗಳಿಗೆ 75 ಪೌಂಡ್. ಸಂಬಳ 25,000ಕ್ಕಿಂತ ಕೆಳಗಿಳಿದರೆ ಸೊನ್ನೆ. 40 ವರ್ಷದ ನಂತರ ಉಳಿದದ್ದು ಮನ್ನಾ. ಮೊದಲು 30 ವರ್ಷವಿದ್ದುದನ್ನು 40ಕ್ಕೆ ಎಳೆದದ್ದು ಮಧ್ಯಮ ಸಂಬಳದವರಿಗೆ ಮಾಡಿದ ಅನ್ಯಾಯವೇ ಸರಿ.

ಭಾರತ ಹಿಡಿದದ್ದು ಬೇರೆ ದಾರಿ. ಇಲ್ಲಿನ ಶಿಕ್ಷಣ ಸಾಲಕ್ಕೆ ಈಗಿನ ರೂಪ ಬಂದದ್ದು 2001ರಲ್ಲಿ, ಬೆಂಗಳೂರಿನ ಕೆನರಾ ಬ್ಯಾಂಕಿನ ಅಂದಿನ ಮುಖ್ಯಸ್ಥ ಆರ್. ಜೆ. ಕಾಮತ್ ಅಧ್ಯಕ್ಷತೆಯ ಅಧ್ಯಯನ ತಂಡದ ಶಿಫಾರಸಿನಿಂದ. ಆಗ ದೇಶದೊಳಗಿನ ಓದಿಗೆ 7.5 ಲಕ್ಷ, ವಿದೇಶಕ್ಕೆ 15 ಲಕ್ಷ ರೂಪಾಯಿವರೆಗೆ ಸಾಲ ಸಿಗುತ್ತಿತ್ತು; 4 ಲಕ್ಷದವರೆಗೆ ಅಡಮಾನ ಬೇಕಿರಲಿಲ್ಲ. ಜಮೀನಿಲ್ಲದ ಎಷ್ಟೋ ಮನೆಗಳ ಮಕ್ಕಳಿಗೆ ಇದು ಕಾಲೇಜಿನ ಬಾಗಿಲು ತೆರೆಯಿತು, ಅದನ್ನು ಮರೆಯುವಂತಿಲ್ಲ. ಆದರೆ ಕೋರ್ಸು ಮುಗಿದ ಒಂದು ವರ್ಷಕ್ಕೆ ಕಂತು ಶುರು. ಸಂಬಳ ಎಂಟು ಸಾವಿರವಿರಲಿ, ಎಂಬತ್ತು ಸಾವಿರವಿರಲಿ, ಕಂತು ಅದೇ. ಲಂಡನ್ನಿನ ಒಂದೇ ತರಗತಿಯಲ್ಲಿ ಅರ್ಥಶಾಸ್ತ್ರ ಓದಿದ ಇಂಗ್ಲಿಷ್ ಹುಡುಗಿಗೆ ಕೆಲಸವಿಲ್ಲದ ತಿಂಗಳು ಕಂತಿಲ್ಲ. ಮೈಸೂರಿನಿಂದ ಹೋದವಳ ತಂದೆಗೆ ಬ್ಯಾಂಕಿನ ನೋಟಿಸು ಬರುತ್ತದೆ.

2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆ ಅಡಮಾನವಿಲ್ಲದೆ ಸಾಲ ಕೊಡುತ್ತದೆ, ಬಡ್ಡಿಯಲ್ಲೂ ರಿಯಾಯಿತಿ ಇದೆ. ಕಂತನ್ನು ಮಾತ್ರ ಸಂಬಳಕ್ಕೆ ಕಟ್ಟಿಲ್ಲ. ತೆರಿಗೆ ಲೆಕ್ಕಕ್ಕೆ ಸಿಗದ ದುಡಿಮೆಯೇ ಹೆಚ್ಚಿರುವ ನಾಡಿನಲ್ಲಿ ಅದು ಸುಲಭವಲ್ಲ, ನಿಜ. ಆದರೆ ಸಂಬಳದಾರರ ಮಟ್ಟಿಗೆ ಪ್ಯಾನ್ ಇದೆ, ಮೂಲದಲ್ಲೇ ತೆರಿಗೆ ಮುರಿದುಕೊಳ್ಳುವ ವ್ಯವಸ್ಥೆ ಇದೆ. ಯೋಜನೆಯನ್ನು ಮುಂದೆ ಪರಿಷ್ಕರಿಸುವಾಗ ಆದಾಯಕ್ಕೆ ತಕ್ಕ ಕಂತನ್ನು ಒಂದು ಆಯ್ಕೆಯಾಗಿಯಾದರೂ ಸೇರಿಸಬೇಕೆಂದು ವಿದ್ಯಾರ್ಥಿಗಳೂ ಹೆತ್ತವರೂ ತಮ್ಮ ಸಂಸದರನ್ನು ಕೇಳಬೇಕು.